ಏಣಿ ಹತ್ತಬಾರದ ಏಣಿ ಕಾರ್ಖಾನೆ

ಕಾರ್ಖಾನೆಯ ಹಿಂದಿನ ಕೋಣೆ,
ಬುಧವಾರ, ಹನ್ನೊಂದನೇ ತಾರೀಕು

ರೀ,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಬಾಗಿಲವರೆಗೆ ನಡೆದಿರಂತೆ, ಓದಿ ಜೀವ ಬಂದ ಹಾಗಾಯಿತು. ತಂಗಿಯ ಮನೆ ಅಂತ ಸಂಕೋಚಪಡಬೇಡಿ. ಅವಳಿಗೆ ಅಣ್ಣನ ಸೇವೆ ಮಾಡುವುದೆಂದರೆ ಇಷ್ಟ, ನಿಮಗೂ ಮಾಡಿಸಿಕೊಳ್ಳುವುದೆಂದರೆ ಇಷ್ಟ. ಮಾತ್ರೆಗಳನ್ನು ದಿಂಬಿನ ಕೆಳಗೆ ಸೇರಿಸಬೇಡಿ, ನನಗೆ ಎಲ್ಲ ವರದಿಯೂ ಬರುತ್ತದೆ. ಫೋನಿನಲ್ಲಿ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಇದರ ಮಧ್ಯೆ ಬಾಯಿ ಹಾಕಲು ನಿಮ್ಮಿಂದ ಆಗುವುದಿಲ್ಲವಲ್ಲ.

‘ಸುರಕ್ಷತೆ ಕಚೇರಿಯವರ ಈ ಕಾಟದಲ್ಲಿ ಇನ್ನು ಏಣಿ ಮಾಡಿ ಬದುಕೋಕಾಗಲ್ಲ, ಪಕ್ಕದ ಬಣ್ಣದಂಗಡಿಯವನಿಗೆ ಕಾರ್ಖಾನೆ ಮಾರಿಬಿಡೋಣ’ ಅಂತ ಬರೆದಿದ್ದೀರಿ. ಅವನು ಶನಿವಾರ ಉತ್ತರ ಕೇಳಲು ಬರುತ್ತಾನೆ. ಈಗಿನಿಂದಲೇ ನಮ್ಮ ಗೋಡೆಗಳನ್ನು ತನ್ನವೇ ಎಂಬಂತೆ ತಟ್ಟಿ ನೋಡಿಕೊಂಡು ಹೋಗುತ್ತಿದ್ದಾನೆ. ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ಇಲ್ಲಿ ನಡೆದದ್ದನ್ನೆಲ್ಲ ಪೂರ್ತಿ ಓದಿ, ಆಮೇಲೆ ಮಾರುವ ಮಾತು.

ಕಚೇರಿಯಿಂದ ಹೊಸ ಅಧಿಕಾರಿ ಬಂದಿದ್ದಾರೆ. ನಮ್ಮ ಹಿರಿಯ ಬಡಗಿ ಅವರಿಗೆ ಜೋಪಾನಪ್ಪ ಅಂತ ಹೆಸರಿಟ್ಟಿದ್ದಾರೆ, ಏಕೆಂದರೆ ಹೊಸ್ತಿಲು ದಾಟುವಾಗಲೂ ತಮಗೆ ತಾವೇ ‘ಜೋಪಾನ, ಜೋಪಾನ’ ಅಂದುಕೊಳ್ಳುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಚೀಲದ ತುಂಬ ಚೀಟಿಗಳು. ಅಂಟಿನ ಡಬ್ಬಿಗೆ ‘ಕುಡಿಯಬಾರದು’ ಅಂತ ಅಂಟಿಸಿದರು. ಹಿರಿಯ ಬಡಗಿ ತಲೆ ನರೆಯುವವರೆಗೆ ಅಂಟಿನ ಜೊತೆ ಬಾಳಿದವರು, ಕುಡಿಯುವ ಯೋಚನೆಯೇ ಬಂದಿರಲಿಲ್ಲವಂತೆ, ಚೀಟಿ ನೋಡಿದ ಮೇಲೆ ರುಚಿ ಹೇಗಿರಬಹುದು ಅನ್ನಿಸುತ್ತಿದೆಯಂತೆ. ಚಹಾದ ಕೆಟಲ್ ಮೇಲೆ ‘ಬಿಸಿ ಇದೆ’ ಅಂತ ಬಂತು. ಚಹಾ ಆರಿಹೋದರೂ ಚೀಟಿ ತೆಗೆಯುವಂತಿಲ್ಲ. ಪ್ರತಿ ಏಣಿಯ ಕಾಲಿಗೆ ‘ಬೀಳುವ ಸಂಭವವಿದೆ’, ತುದಿಯ ಮೆಟ್ಟಿಲಿಗೆ ‘ಇದರ ಮೇಲೆ ನಿಲ್ಲಬಾರದು’. ಒಬ್ಬ ಗಿರಾಕಿ ಅದನ್ನು ಓದಿ, ನಿಲ್ಲಬಾರದ ಮೆಟ್ಟಿಲಿಗೆ ನಾನ್ಯಾಕೆ ದುಡ್ಡು ಕೊಡಲಿ ಅಂತ ಜಗಳಕ್ಕೇ ನಿಂತ. ಅವನ ಮಾತಿನಲ್ಲೂ ನ್ಯಾಯವಿತ್ತು ಅನ್ನಿ.

ಇದೆಲ್ಲ ಹೋಗಲಿ, ಅಸಲಿ ಕಥೆ ಕಾರ್ಖಾನೆಯ ಸುರಕ್ಷತಾ ಪ್ರಮಾಣಪತ್ರದ್ದು. ಕೊನೆಗೂ ಮಂಜೂರಾಗಿ ಬಂತು. ಆದರೆ ಅದನ್ನು ಯಾರ ಕೈಗೂ ಸಿಗದ ಹಾಗೆ ಮುಂಬಾಗಿಲಿನ ಮೇಲೆ, ಒಳಗೋಡೆಯಲ್ಲಿ ಎತ್ತರಕ್ಕೆ ನೇತುಹಾಕಬೇಕು. ನೇತುಹಾಕಿದ ಮೇಲೆಯೇ ಅದು ಜಾರಿಗೆ ಬರುವುದು. ಜಾರಿಗೆ ಬರುವ ತನಕ ಕಾರ್ಖಾನೆಯ ಒಳಗೆ ಯಾರೂ ಏಣಿ ಹತ್ತುವಂತಿಲ್ಲ. ಕುರ್ಚಿ, ಸ್ಟೂಲು ಹತ್ತುವುದು ಮೊದಲೇ ನಿಷೇಧ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ! ಸುತ್ತಲೂ ಗೋಡೆಗೊರಗಿದ ಏಣಿಗಳು, ನಡುವೆ ನಾವು ಮೂವರು ಕತ್ತೆತ್ತಿ ಬಾಗಿಲ ಮೇಲಿದ್ದ ಹಳೆಯ ಮೊಳೆಯನ್ನೇ ನೋಡುತ್ತ ನಿಂತಿದ್ದೆವು. ಜೋಪಾನಪ್ಪನವರ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಆಗ ಕೇಳಿದೆ, ನಿಮ್ಮ ನಿಯಮ ಕಾರ್ಖಾನೆಯ ಒಳಗೆ ಮಾತ್ರ ತಾನೇ ಅಂತ. ಪುಸ್ತಕ ತಿರುವಿಹಾಕಿ ಹೌದು ಅಂದರು. ನಾನು ಒಂದು ಏಣಿ ಎತ್ತಿಕೊಂಡು ಹೋಗಿ ಬೀದಿಯಲ್ಲಿ ನಿಲ್ಲಿಸಿದೆ, ಚಪ್ಪಲಿ ಬಿಟ್ಟು ಹತ್ತಿದೆ, ಬಾಗಿಲ ಮೇಲಿನ ಗಾಳಿಕಿಂಡಿಯಲ್ಲಿ ಕೈ ತೂರಿಸಿ ಒಳಗಿನ ಮೊಳೆಗೆ ಪ್ರಮಾಣಪತ್ರ ಸಿಕ್ಕಿಸಿದೆ. ಬಾಯಿಗೆ ಬಂದಂತೆ ಬೈಯಬೇಡಿ, ಬಡಗಿ ಕೆಳಗೆ ಹಿಡಿದುಕೊಂಡಿದ್ದರು. ಜೋಪಾನಪ್ಪ ಕಣ್ಣು ಮುಚ್ಚಿಕೊಂಡು ‘ಅಮ್ಮಾ, ಜೋಪಾನ’ ಅನ್ನುತ್ತಲೇ ಇದ್ದರು. ಕಣ್ಣು ತೆರೆದು ನೋಡಿ, ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಿದರು. ಹೋಗುವಾಗ ತಮ್ಮ ಮನೆಯ ಅಟ್ಟಕ್ಕೂ ಒಂದು ಏಣಿ ಬೇಕು ಅಂದರು, ಚೀಟಿ ಅಂಟಿಸದೆ ಕೊಡಬೇಕಂತೆ, ಓದಿದರೆ ಅವರ ಹೆಂಡತಿ ಹೆದರುತ್ತಾರಂತೆ.

ಇನ್ನು ನಮ್ಮ ಮನೆತನದ ಪದ್ಧತಿ. ಗಿರಾಕಿಯ ಕಣ್ಣೆದುರೇ ತುದಿಯ ಮೆಟ್ಟಿಲಿಗೆ ಹತ್ತಿ, ಎರಡೂ ಕೈ ಬಿಟ್ಟು ನಿಂತು ತೋರಿಸದೆ ಮಾವನವರು ಒಂದು ಏಣಿಯನ್ನೂ ಮಾರಿದವರಲ್ಲ, ನೀವೂ ಮಾರಿದವರಲ್ಲ. ಅದರ ಬದಲು ಮರಳಿನ ಮೂಟೆ ಕಟ್ಟಿ ಪರೀಕ್ಷೆ ಮಾಡಿ ಅಂತ ಕಚೇರಿಯವರ ಅಪ್ಪಣೆ. ಮೂಟೆಗೇನು, ಹೆಂಡತಿಯೇ ಮಕ್ಕಳೇ? ಅದು ಧೈರ್ಯವಾಗಿ ನಿಂತರೆ ಯಾರು ನಂಬುತ್ತಾರೆ? ಅದಕ್ಕೆ ಒಳಗೆ ಮೂಟೆ ಹತ್ತುತ್ತದೆ, ಬೀದಿಯಲ್ಲಿ ನಾನು ಹತ್ತುತ್ತೇನೆ. ನೋಡಲು ಜನ ಸೇರುತ್ತಾರೆ, ಸೇರಿದವರಲ್ಲಿ ಯಾರಾದರೊಬ್ಬರು ಏಣಿ ಕೊಂಡೇ ಹೋಗುತ್ತಾರೆ. ಕೈತುಂಬ ಕೆಲಸವಿದೆ ರೀ. ಕಚೇರಿಯವರ ಕಾಟ ಒಂದೇ ಕಾರಣವಾಗಿದ್ದರೆ ಅದು ಮುಗಿದ ಕಥೆ. ಮಾರುವುದಿಲ್ಲ ಅಂತ ಒಂದು ಸಾಲು ಬರೆದು ಹಾಕಿ, ಬಣ್ಣದಂಗಡಿಯವನನ್ನು ನಾನು ನೋಡಿಕೊಳ್ಳುತ್ತೇನೆ.

ಹಿರಿಯ ಬಡಗಿ ನಮಸ್ಕಾರ ತಿಳಿಸಿದ್ದಾರೆ. ನಾದಿನಿಗೆ ನನ್ನ ಪ್ರೀತಿ, ಅವಳ ಮಕ್ಕಳಿಗೆ ಮುತ್ತು. ನೀವು ಹೊತ್ತಿಗೆ ಸರಿಯಾಗಿ ಉಂಡು ಮಲಗಿ, ಬೇಗ ಗಟ್ಟಿಯಾಗಿ.

ನಿಮ್ಮ ಮಾತು ಕೇಳದ,
ನಿಮ್ಮವಳು

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮ ತಂಗಿಯ ಫೋನ್ ಬಂತು. ಇನ್ನು ಮೇಲೆ ನೀವು ಏಣಿ ಹತ್ತಲೇಬಾರದು ಅಂತ ಡಾಕ್ಟರು ಹೇಳಿದ್ದಾರಂತೆ, ನನಗೆ ತಿಳಿಸಬೇಡ ಅಂತ ನೀವು ಅವಳಿಂದ ಆಣೆ ಹಾಕಿಸಿಕೊಂಡಿದ್ದಿರಂತೆ. ಹಾಗಾದರೆ ಮಾರೋಣ ಅಂದದ್ದು ಇದಕ್ಕೇ, ಪಾಪ ಜೋಪಾನಪ್ಪನ ಮೇಲೆ ಹಾಕಿದಿರಿ. ಎಂಥ ಪೆದ್ದು ರೀ ನೀವು! ಅತ್ತುಬಿಟ್ಟೆ, ಈಗ ಕಣ್ಣೊರೆಸಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ಸಾಲಿಗೆ ಕಾಯುವುದಿಲ್ಲ, ಶನಿವಾರ ಅವನಿಗೆ ಇಲ್ಲ ಅನ್ನುತ್ತೇನೆ. ನನ್ನದೂ ಒಂದು ಗುಟ್ಟು ಕೇಳಿ: ತುದಿಯ ಮೆಟ್ಟಿಲಿನಲ್ಲಿ ನಾನು ಬಿಡುವುದು ಒಂದೇ ಕೈ, ಇನ್ನೊಂದು ಗೋಡೆ ಹಿಡಿದಿರುತ್ತದೆ. ಬಡಗಿ ಕೆಳಗೆ ಎಷ್ಟು ಗಟ್ಟಿಯಾಗಿ ಹಿಡಿದರೂ ಭಯ ಹೋಗುವುದಿಲ್ಲ. ನೀವು ಬನ್ನಿ. ಕುರ್ಚಿಯಲ್ಲಿ ಕೂತೇ ಹಿಡಿಯಿರಿ. ಎರಡೂ ಕೈ ಬಿಡುತ್ತೇನೆ.