ರೇಡಿಯೇಟರಿನ ಮಡ್ಡಿ

ಗುರುವಾರ, ಮಧ್ಯಾಹ್ನ

ಅಕ್ಕನ ಮಗಳು ಚೂಟಿಗೆ, ನಿನ್ನ ಗಂಡನ ಗ್ಯಾರೇಜಿನ ಹಿಂಬದಿಯ ಬೆಂಚಿನಿಂದ ಮಾವನ ಆಶೀರ್ವಾದ.

ಈ ಬೆಂಚಿಗೆ ಒಂದು ಕಾಲು ಗಿಡ್ಡ. ಅಕ್ಷರ ಓಲಾಡಿದರೆ ಅದು ನನ್ನ ದೋಷವಲ್ಲ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ನನ್ನ ಕೈಬರಹವನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದರು. ಹೀಗೆ ಬರೆಯಬಾರದು ಎಂದು ತೋರಿಸಿದ್ದು ಅಂತ ನಿನ್ನಮ್ಮ ಹೇಳುತ್ತಾಳೆ. ನಂಬಬೇಡ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಡುವೆ ಎರಡು ಜೋಕು ಹೊಡೆದು ನಿನ್ನನ್ನು ನಗಿಸಿ, ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಕಾಗದ ನಗುವುದಿಲ್ಲ.

ಭಾನುವಾರ ನೀನು ತವರಿನಿಂದ ಬಂದು ಕಾರನ್ನು ಬೇರೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುತ್ತೀಯಂತೆ, ಬೀರುವಿನಲ್ಲಿರುವ ನಿನ್ನ ಬಟ್ಟೆಗಳನ್ನೂ ಒಯ್ಯುತ್ತೀಯಂತೆ. ಹೆಂಡತಿಯ ಕಾರನ್ನೇ ನೋಡಿಕೊಳ್ಳದ ಮೆಕ್ಯಾನಿಕ್ಕಿನ ಜೊತೆ ಎಂಥ ಸಂಸಾರ ಅಂದೆಯಂತೆ. ಅಕ್ಕ ಹೇಳಿದಳು. ಗ್ಯಾರೇಜು, ಗಂಡ ಎರಡನ್ನೂ ಒಂದೇ ಏಟಿಗೆ ಬಿಡುವ ಮುಂಚೆ ನನ್ನ ಮಾತು ಕೇಳು. ಮೂವತ್ತು ವರ್ಷ ಲಾರಿ ಓಡಿಸಿದವನು, ಇಂಜಿನ್ ಕೆಮ್ಮಿದರೆ ಯಾವ ಸಿಲಿಂಡರಿಗೆ ನೆಗಡಿ ಎಂದು ದೂರದಿಂದಲೇ ಹೇಳುವವನು ಹೇಳುತ್ತಿದ್ದೇನೆ.

ನಿನ್ನ ಕಾರಿನ ಹಾಗೆ ಲಕ್ಷಗಟ್ಟಲೆ ಕಿಲೋಮೀಟರು ತಿಂದ ಗಾಡಿಗೆ, ಇಂಜಿನ್ನನ್ನು ತಂಪಾಗಿಡುವ ಕೂಲೆಂಟಿನ ಪಥ್ಯ ತಪ್ಪಬಾರದು. ಒಂದು ಜಾತಿಯದು ಹಾಕಿದರೆ ಅದೇ ಜಾತಿ. ಡಬ್ಬದ ಮೇಲಿನ ಬರಹ ಓದಿ ಹಾಕಬೇಕು, ಬಣ್ಣವೊಂದನ್ನೇ ನಂಬಬಾರದು. ಹೊಂದದ ಎರಡು ಬೆರೆತರೆ ಮೊದಮೊದಲು ಬೀಗರ ಹಾಗೆ ನಗುನಗುತ್ತಲೇ ಇರುತ್ತವೆ, ಆಮೇಲೆ ಹೆಪ್ಪುಗಟ್ಟಿ ಗೋಂದಿನಂಥ ಮಡ್ಡಿಯಾಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತವೆ. ನಲ್ಲಿ ನೀರೂ ಬೇಡ, ಅದರ ಸುಣ್ಣ ಒಳಗೆ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಆಗಬೇಕು. ಸೋರಿಕೆಗೆ ಪುಡಿ ಸುರಿದು ಕೈತೊಳೆದುಕೊಳ್ಳುವುದು ಸೋಮಾರಿ ವೈದ್ಯನ ಕೆಲಸ, ಸೋರುವ ಪೈಪನ್ನೇ ಬದಲಾಯಿಸು. ಅವಧಿ ಮುಗಿದಾಗ ಹಳೆಯದನ್ನು ಪೂರ್ತಿ ಇಳಿಸಿ, ಶುದ್ಧ ನೀರು ಹೊರಬರುವ ತನಕ ತೊಳೆದು, ಹೊಸದು ತುಂಬಿಸು. ಇಂಜಿನ್ ತಣ್ಣಗಿದ್ದಾಗ ಆಗಾಗ ಮಟ್ಟ ನೋಡು. ಇಳಿದಿದ್ದರೆ ಎಲ್ಲಿಗೆ ಹೋಯಿತೆಂದು ಹುಡುಕು. ಬಿಸಿಯಿದ್ದಾಗ ಮಾತ್ರ ಮುಚ್ಚಳ ಮುಟ್ಟಬೇಡ.

ಇದನ್ನೆಲ್ಲ ನಿನ್ನ ಗಂಡ ತಪ್ಪದೆ ಮಾಡುತ್ತಿದ್ದ ಚೂಟಿ. ಕೆಂಪು ಕೂಲೆಂಟ್ ಬಿಟ್ಟು ಬೇರೆಯದನ್ನು ಆ ಕಾರಿಗೆ ತೋರಿಸಿದವನೂ ಅಲ್ಲ. ಆದರೆ ನೀನು ಜ್ವರ ಬಂದು ಮಲಗಿದ್ದಾಗ ಯಾರೋ ಒಬ್ಬ ಕೇಳದೆ ನಿನ್ನ ಕಾರನ್ನು ಹೊರಗೆ ತೆಗೆದ.

ಯಾರೋ ಒಬ್ಬ ಎಂದು ಬರೆದು ಪೆನ್ನು ಕಚ್ಚುತ್ತಾ ಕೂತೆ. ನಾನೇ ಕಣೇ.

ಹಳೆಯ ಲಾರಿ ಗೆಳೆಯರ ಮುಂದೆ ನಿನ್ನ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಕಾರಿನಿಂದ ಇಳಿಯಬೇಕೆಂಬ ಆಸೆ. ನಮ್ಮ ಹುಡುಗಿಯದು, ಕ್ಲಚ್ ಹಿಡಿಸಿದ್ದು ನಾನೇ ಅನ್ನಬೇಕಿತ್ತು. ಅಂದೆ ಕೂಡ. ವಾಪಸು ಬರುವಾಗ ಏರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೆ ಹೋಯಿತು. ತಣ್ಣಗಾಗಲು ಬಿಟ್ಟು ನೋಡಿದರೆ ಕೂಲೆಂಟ್ ತಳ ಮುಟ್ಟಿತ್ತು, ಎಲ್ಲಿ ಸೋರಿತೆಂದು ಹುಡುಕಲಿಲ್ಲ. ಮೆಲ್ಲಗೆ ಪೆಟ್ರೋಲ್ ಬಂಕಿಗೆ ತಂದು ಕೈಗೆ ಸಿಕ್ಕ ಹಸಿರು ಡಬ್ಬ ತೆಗೆದುಕೊಂಡೆ. ಬಂಕಿನ ಹೆಂಗಸು, ಒಳಗಿರೋದು ಯಾವ್ದು ನೋಡಿದ್ರಾ ಯಜಮಾನ್ರೆ ಅಂತ ಕೇಳಿದಳು. ಬಣ್ಣ ನೋಡಿ ಕುಡಿಯೋದು ಮನುಷ್ಯರು ತಾಯಿ, ಇಂಜಿನ್ ಅಲ್ಲ ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ನಗಿಸಿದ ಖುಷಿಯಲ್ಲಿ ಸುರಿದೆ. ಸಾಲದ್ದಕ್ಕೆ ನಲ್ಲಿ ನೀರು ಬೇರೆ.

ಆಮೇಲಿನದು ನಿನಗೇ ಗೊತ್ತು. ಕಲಿಯಲು ಬಂದ ಟೈಲರಮ್ಮ ಸ್ಟೇರಿಂಗ್ ಹಿಡಿದಿದ್ದಾಗ ನಾಲ್ಕು ರಸ್ತೆ ಸೇರುವಲ್ಲೇ ಹೊಗೆ ಎದ್ದಿತು. ಆಕೆ ಬಾಗಿಲು ತೆರೆದಿಟ್ಟು ಓಡಿದಳು. ಹಿಂದಿನವರೆಲ್ಲ ಹಾರ್ನ್ ಒತ್ತುವಾಗ ನೀನೊಬ್ಬಳೇ ಕಾರು ತಳ್ಳಿದೆ. ಗ್ಯಾರೇಜಿಗೆ ಬಂದು, ಊರ ಕಾರಿಗೆಲ್ಲ ವೈದ್ಯ, ಹೆಂಡತಿ ಕಾರಿಗೆ ಮಾತ್ರ ಯಮ ಅಂತ ಕೆಲಸದವರ ಎದುರಿಗೇ ಅಂದೆ. ಅವನು ತಲೆ ಎತ್ತಲಿಲ್ಲ. ಆಗ ನಾನೇನು ಮಾಡಿದೆ ನೆನಪಿದೆಯಾ? ದೀಪದ ಬುಡದಲ್ಲೇ ಕತ್ತಲೆ ಅಳಿಯಂದಿರೇ ಅಂದೆ. ಗಾದೆ ಹೇಳಿದೆ ಚೂಟಿ. ಸುರಿದದ್ದು ಅರಿಯದೆ ಆದದ್ದು ಅನ್ನಬಹುದು. ಗಾದೆಗೆ ಏನನ್ನಲಿ?

ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಅಂದರೆ ಇಳಿಯುತ್ತಿದೆ, ನಿನ್ನ ಗಂಡನೇ ಬಡಿಸುತ್ತಾನೆ, ಅದೇ ಕಷ್ಟ. ಈ ವಿಷಯ ಅವನಿಗೆ ಏನೂ ಗೊತ್ತಿಲ್ಲ. ಬೇರೆಯವರ ಗಾಡಿಗಳು ಮುಗಿದ ಮೇಲೆ ನಿನ್ನ ಕಾರಿನ ಮುಂದೆ ಕೂರುತ್ತಾನೆ. ಎಷ್ಟು ತೊಳೆದರೂ ಕಂದು ಮಡ್ಡಿ ಬರುತ್ತಲೇ ಇತ್ತು. ಇವತ್ತು ಬೆಳಿಗ್ಗೆ ನೀರು ತಿಳಿಯಾಗಿ ಬಂತು. ಇಂಜಿನ್ನಿನ ಹೆಡ್ಡಿಗೆ ಪೆಟ್ಟಾಗಿಲ್ಲ, ರೇಡಿಯೇಟರ್ ಒಂದು ಹೊಸದು ಹಾಕಿದರೆ ಓಡುತ್ತದೆ ಅಂದ. ಅವನ ಮುಖದಲ್ಲಿ ಗೆಲುವೇ ಇರಲಿಲ್ಲ. ಓಡಿಸುವವಳು ಇಲ್ಲವಲ್ಲ.

ಭಾನುವಾರ ಬಾ. ಕಾರು ಒಯ್ಯಬೇಡ ಅನ್ನಲು ನನಗೆ ಬಾಯಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ, ಅವತ್ತು ಇದ್ದ ಕೆಲಸದವರೆಲ್ಲ ಕೇಳುವ ಹಾಗೆ ಬೈ. ಬಟ್ಟೆ ಮಾತ್ರ ಬೀರುವಿನಲ್ಲೇ ಇರಲಿ.

ಮುಖ ತೋರಿಸಲು ಅಂಜುವ,
ನಿನ್ನ ಮಾವ

ತಾ.ಕ.: ಅವನಿಗೆ ಗೊತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕಿದರೆ ಗಲೀಜಾಗುತ್ತದೆ, ಇಲ್ಲೇ ತಿದ್ದುತ್ತೇನೆ. ಕಾರು ಬಂದ ದಿನವೇ ಡಿಕ್ಕಿಯಲ್ಲಿ ಹಸಿರು ಡಬ್ಬ ಅವನ ಕೈಗೆ ಸಿಕ್ಕಿತ್ತು. ನನ್ನ ಕಡೆ ಒಮ್ಮೆ ನೋಡಿ, ನೀನು ಬರುವುದರೊಳಗೆ ಟೈರುಗಳ ಹಿಂದೆ ಇಟ್ಟ. ಅವಳು ನಂಬಲ್ಲ ಅಂತ ಸುಮ್ಮನಿದ್ದೆಯೇನಪ್ಪಾ ಎಂದು ನಿನ್ನೆ ಕೇಳಿದೆ. ನಂಬ್ತಾಳೆ ಮಾವ, ನಂಬಿದ್ರೆ ನಿಮ್ಮ ಮುಖ ನೋಡಲ್ಲ, ಅಪ್ಪ ಅಂತ ಅವಳಿಗೆ ಇರೋದು ನೀವೊಬ್ರೇ ಅಂದ. ಈ ಕಾಗದ ಅವನಿಗೆ ತೋರಿಸಿಲ್ಲ. ತೋರಿಸಿದರೆ ಅಂಚೆಗೆ ಹಾಕಲು ಬಿಡುವುದಿಲ್ಲ.