ಕಿಟಕಿ ಪಕ್ಕದ ಹಲಗೆಗೊಂದು ಮಾಪ್

ಅತ್ತೆ, ನಮಸ್ಕಾರ.

ಪತ್ರದ ಜೊತೆ ಬಂದ ಉದ್ದನೆಯ ಪೊಟ್ಟಣವನ್ನು ಬಿಚ್ಚದೆ ಅಟ್ಟಕ್ಕೆ ಹಾಕಬೇಡಿ. ಒಳಗಿರೋದು ಮರದ ನೆಲ ಒರೆಸೋ ಮಾಪ್. ನಮ್ಮ ಕಾರ್ಖಾನೆಯವರು ಮಾರೋದಕ್ಕೆಂದು ನಾನೇ ರೂಪಿಸಿದ್ದು.

ನಗಬೇಡಿ. ಮದುವೆಯಾಗಿ ಬಂದ ವಾರವೇ, ತವರಿನ ಕಲ್ಲುನೆಲ ಅಂದುಕೊಂಡು ನಿಮ್ಮ ಹಲಗೆಗಳ ಮೇಲೆ ಬಕೆಟ್ ನೀರು ಸುರಿದವಳು ನಾನೇ. ಕಿಟಕಿ ಪಕ್ಕದ ಹಲಗೆ ಇನ್ನೂ ಉಬ್ಬಿಕೊಂಡೇ ಇದೆಯಂತೆ. ಅವತ್ತಿನಿಂದ ನೀವು ಯಾರ ಕೈಗೂ ಬಟ್ಟೆ ಕೊಡದೆ, ಮಂಡಿನೋವಿದ್ದರೂ ಮೊಣಕಾಲೂರಿ ನೀವೇ ಒರೆಸುತ್ತೀರಂತೆ. ನಿಮ್ಮ ಮಗ ಹೇಳಿದರು.

ಮೊದಲು ಮಾಡಿದ ಮೂರು ಮಾಪೂ ನೀರು ಕಾರಿದವು. ಆಮೇಲೆ ನೀವು ಹಿಂಡೋ ರೀತಿ ನೆನಪಾಯಿತು: ಒಮ್ಮೆ ಹಿಂಡಿ, ಮಡಿಕೆ ಬದಲಿಸಿ, ಇನ್ನೊಮ್ಮೆ. ಇದರ ಹಿಡಿ ತಿರುಗಿಸಿದರೆ ಬಟ್ಟೆ ಹಾಗೇ ಎರಡು ಸಲ ಹಿಂಡಿಕೊಳ್ಳುತ್ತದೆ. ಮೊದಲು ಆ ಉಬ್ಬಿದ ಹಲಗೆ ಮೇಲೇ ಎಳೆದು ನೋಡಿ. ಒದ್ದೆ ಉಳಿದರೆ ಮುಲಾಜಿಲ್ಲದೆ ಬರೆಯಿರಿ, ಇನ್ನೊಂದು ಮಾಡುತ್ತೇನೆ.

ಕೋಲಿನ ಅಳತೆಗೆ ನಿಮ್ಮನ್ನು ಕೇಳಬೇಕಾಗಲಿಲ್ಲ. ಅವತ್ತು ಎದುರಿಗೇ ನಿಂತು ಬೈದಿರಲ್ಲ, ನೀವು ನನ್ನ ಗಲ್ಲದ ಮಟ್ಟಕ್ಕೆ ಬರುತ್ತೀರಿ ಅಂತ ಆಗಲೇ ನೋಡಿಕೊಂಡಿದ್ದೆ. ಮುಂದಿನ ತಿಂಗಳು ಬಂದಾಗ, ನೀವು ಬಿಟ್ಟರೆ, ನಾನೂ ಒರೆಸುತ್ತೇನೆ. ಕೋಲು ನನಗೆ ಗಿಡ್ಡ. ಬಗ್ಗಿ ಒರೆಸಿದರಾಯಿತು.

ನಿಮ್ಮ
ಬಕೆಟ್ ರಾಣಿ