ಎಲುಬಿನ ನೊಣ

ಕಿಸೊ ಕಣಿವೆ

ಪ್ರಿಯ ಇಟ್ಸುಕಿ,

ಜಲಪಾತದ ಕೆಳಗೆ ನಾವಿಬ್ಬರೇ ಗುಟ್ಟಾಗಿ ನೋಡಿಬರುತ್ತಿದ್ದ ಸತ್ತ ಜಿಂಕೆಯನ್ನು "ಕರಡಿ ಎಳ್ಕೊಂಡು ಹೋಯ್ತು, ಇನ್ನು ಅಲ್ಲಿಗೆ ಹೋಗೋದು ಬೇಡ" ಅಂತ ನೀನು ಅಂದಿದ್ದೆ. ನಾನು ನಂಬಿದ್ದೆ.

ಇವತ್ತು ನಮ್ಮ ಸಂಗ್ರಹಾಲಯಕ್ಕೆ ಹೊಸದಾಗಿ ಸೇರಿದ ಚಿಗುಸಾ ಶೀಶೆಯಲ್ಲಿ ಒಂದು ಪುಟ್ಟ ನೊಣ ತಂದಳು. "ಫುಮಿನೊ ಅಕ್ಕಾ, ಇದು ಯಾವ್ದು ಅಂತ ಹೇಳ್ತೀರಾ? ಮನೆ ಹಿಂದೆ ಸತ್ತ ಇಲಿ ಮೇಲೆ ಸಿಕ್ತು."

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದೊಡ್ಡ ಪ್ರಾಣಿಯ ಹಳೆಯ ಎಲುಬಿನ ಮಜ್ಜೆಗೆ ಮುತ್ತುವ ನೊಣ ಅದು. ಇಲಿಯನ್ನು ಮೂಸಿಯೂ ನೋಡದು. ನನಗೆ ಅದನ್ನು ಗುರುತಿಸಲು ಕಲಿಸಿದವನು ನೀನೇ, ಆ ಜಿಂಕೆಯ ಪಕ್ಕ, ನನ್ನ ಒಂದೇ ಕೊಡೆಯಡಿ. ಸುಳ್ಳು ಹೇಳುವುದನ್ನು ನೀನು ಅವಳಿಗಿನ್ನೂ ಕಲಿಸಿಲ್ಲ, ಪಾಪ.

ಈ ಪತ್ರದ ಜೊತೆಗಿರುವ ಶೀಶೆಯ ಚೀಟಿಯಲ್ಲಿ ನೊಣದ ಹೆಸರು ಬರೆದಿದ್ದೇನೆ. ಅದು ಸಿಕ್ಕ ಜಾಗದ ಹೆಸರನ್ನು ನೀನೇ ತುಂಬಿಬಿಡು. ಹಾಗೆಯೇ, ನಿನ್ನ ಬಳಿಯೇ ಉಳಿದಿದ್ದ ನನ್ನ ಕೊಡೆಯನ್ನು ಆ ಕರಡಿಯಿಂದ ಇಸಿದುಕೊಂಡು ಕಳಿಸು.

ಫುಮಿನೊ